ಗುಡ್ಡದ ಬುಡ ಕಡಿದ ಮೇಲೆ

ಮಳೆಗಾಲ ಬಂತೆಂದರೆ ಶಿರಾಡಿ ಘಾಟಿ ಬಂದ್, ಚಾರ್ಮಾಡಿಯಲ್ಲಿ ಧರೆ ಕುಸಿತ ಎಂಬ ಸುದ್ದಿ ತಪ್ಪುವುದಿಲ್ಲ. ಜೊತೆಗೊಂದು ಸಾಲು: ಭಾರೀ ಮಳೆಯೇ ಕಾರಣ. ಮಳೆಯ ತಲೆಗೆ ಕಟ್ಟಿಬಿಟ್ಟರೆ ಯಾರೂ ಉತ್ತರ ಹೇಳಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವುದು ಇಂದು ನಿನ್ನೆಯ ಸಂಗತಿಯೇ?

ಘಟ್ಟ, ಕರಾವಳಿಯ ಗುಡ್ಡಗಳೆಂದರೆ ಒಳಗೆಲ್ಲ ಬಂಡೆ ಎಂದುಕೊಂಡರೆ ಕೆಟ್ಟೆವು. ಎಷ್ಟೋ ಕಡೆ ಮೇಲೆ ಮುರಕಲ್ಲು, ಅದರಡಿ ಮೆತ್ತನೆಯ ಶೇಡಿ ಮಣ್ಣು, ಗಟ್ಟಿ ಶಿಲೆ ಇರುವುದು ಅದಕ್ಕೂ ಕೆಳಗೆ. ಮುರಕಲ್ಲಿನ ತೂತುಗಳಲ್ಲಿ ಸರಾಗ ಇಳಿದ ನೀರು ಶೇಡಿ ಮಣ್ಣಿಗೆ ಬಂದು ತಡೆಯುತ್ತದೆ. ಮಣ್ಣು ನೆನೆದು ಭಾರವಾಗುತ್ತದೆ, ಹಿಡಿತ ಸಡಿಲುತ್ತದೆ. ಆಗಲೂ ಗುಡ್ಡಕ್ಕೆ ಆಸರೆಯಾಗಿರುವುದು ಅದರ ಓರೆಯಾದ ಬುಡ. ರಸ್ತೆ ಅಗಲಿಸುವಾಗ ಜೆಸಿಬಿ ಮೊದಲು ಬಾಯಿ ಹಾಕುವುದೇ ಅಲ್ಲಿಗೆ.

ಅಂಕೋಲಾ ತಾಲ್ಲೂಕಿನ ಶಿರೂರನ್ನು ನೆನೆಯಿರಿ. ಚತುಷ್ಪಥಕ್ಕೆಂದು ಕಡಿದಿದ್ದ ಗುಡ್ಡ 2024ರ ಜುಲೈ 16ರಂದು ಹೆದ್ದಾರಿಯನ್ನೂ ಚಹಾದಂಗಡಿಯನ್ನೂ ಬಳಿದುಕೊಂಡು ಗಂಗಾವಳಿಗೆ ಇಳಿಯಿತು. ನದಿ ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ರಸ್ತೆಯ ಹತ್ತಿರವೂ ಸುಳಿಯದವರು ರಸ್ತೆಗಾಗಿ ತೆತ್ತರು. ಅಂದು ನದಿಪಾಲಾದ ಕೇರಳದ ಲಾರಿಯೊಂದು ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ.

ಆಗುಂಬೆ ಘಾಟಿ 14 ಹಿಮ್ಮುರಿ ತಿರುವು ಹಾಕಿ ಇಳಿಯುತ್ತದೆ. ಗುಡ್ಡ ಕೊಟ್ಟಷ್ಟು ಜಾಗದಲ್ಲಿ ಮೈ ಬಳಸಿ ಸಾಗುವ ಇಂಥ ಹಾದಿಗಳೂ ಕುಸಿಯುತ್ತವೆ, ಆದರೆ ಅವು ಗುಡ್ಡದಿಂದ ಕೇಳುವುದು ಕಡಿಮೆ. ಹೆದ್ದಾರಿಗೆ ವೇಗ ಬೇಕು. ವೇಗಕ್ಕೆ ನೇರ ದಾರಿ, ಅಗಲ ದಾರಿ ಬೇಕು. ಅಗಲಕ್ಕೆ ಗೋಡೆಯಂತೆ ನೆಟ್ಟಗೆ ಕಡಿದ ಧರೆ. ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕಾದರೆ ಇನ್ನಷ್ಟು ಭೂಮಿ ಬೇಕು, ಅದು ಅರಣ್ಯ ಇಲಾಖೆಯದು. ಹೀಗೆ ಕಾಡು ಉಳಿಸಿದ ಲೆಕ್ಕ ತೋರಿಸಿ ಗುಡ್ಡ ಬೀಳಿಸುತ್ತೇವೆ!

ಮಂಗಳೂರಿನ ಬಂದರಿಗೂ ಆಸ್ಪತ್ರೆಗಳಿಗೂ ಘಟ್ಟದ ಮೇಲಿನವರಿಗೆ ದಾರಿ ಬೇಕು ಎನ್ನುವವರ ಮಾತು ಸುಳ್ಳಲ್ಲ. ಆದರೆ ಆಂಬುಲೆನ್ಸಿಗೆ ಬೇಕಾದದ್ದು ಜುಲೈನಲ್ಲೂ ತೆರೆದಿರುವ ದಾರಿ. ಬೇಸಿಗೆಯಲ್ಲಿ ಉಳಿಸಿದ ಅರ್ಧ ಗಂಟೆಯನ್ನು ಮಳೆಗಾಲದಲ್ಲಿ ದಿನಗಟ್ಟಲೆ ಮುಚ್ಚಿದ ಗೇಟಿನ ಮುಂದೆ ತೀರಿಸುತ್ತಿದ್ದೇವೆ. ಘಾಟಿಯ ಭಾಗವಾದರೂ ದ್ವಿಪಥವಾಗಿಯೇ ಇರಲಿ, ನಿಧಾನವಾಗಿಯೇ ಇರಲಿ. ಉಳಿಯುವ ಹಣದಲ್ಲಿ ಮೋರಿಗಳನ್ನು ದೊಡ್ಡದು ಮಾಡಿ, ಮೇ ತಿಂಗಳೊಳಗೆ ಹೂಳೆತ್ತಿಸಿ.