ಇಲ್ಲದ ಪಂಪಿಗೆ ಎರಡು ಸಾವಿರ ರೂಪಾಯಿ!

ನಂಜನಗೂಡು ರಸ್ತೆಯ ಕಡಕೊಳದ ಹತ್ತಿರ ಮೊನ್ನೆ ಬೆಳಗಿನ ಜಾವ ಒಂದು ಹಳೇ ಯೆಜ್ಡಿ ಗಾಡಿ ನಿಂತುಹೋಯಿತು. ಓಡಿಸುತ್ತಿದ್ದಾತ ಹೂವಿನ ವ್ಯಾಪಾರಿ. ಗಾಡಿ ಅಪ್ಪನ ಕಾಲದ್ದು. ಹಿಂದಿನ ಸೀಟಿನ ಮೇಲೆ ಮಲ್ಲಿಗೆ, ಕನಕಾಂಬರದ ಮೂಟೆ. ಬೆಳಕು ಹರಿಯುವುದರೊಳಗೆ ದೇವರಾಜ ಮಾರುಕಟ್ಟೆ ಮುಟ್ಟಿದರೆ ಹೂವಿಗೆ ಬೆಲೆ. ಬಿಸಿಲೇರಿದ ಮೇಲೆ ಅದೇ ಹೂವು ಕಸದ ಲೆಕ್ಕ. ಕಿಕ್ಕರ್ ಒದ್ದು ಒದ್ದು ಪಾಪ ಕಾಲು ಸೋತಿತೇ ಹೊರತು ಗಾಡಿ ಮಾತು ಕೇಳಲಿಲ್ಲ. ಒಮ್ಮೆ ಕೆಮ್ಮಿ, ನೂರು ಗಜ ಓಡಿ, ಮತ್ತೆ ಮುಷ್ಕರ!

ರಸ್ತೆ ಬದಿಯ ಗ್ಯಾರೇಜಿನ ಹುಡುಗ ಗಾಡಿಯನ್ನು ಒಂದು ಸುತ್ತು ನೋಡಿ ತೀರ್ಪು ಕೊಟ್ಟ. "ಪೆಟ್ರೋಲ್ ಪಂಪು ಹೋಗ್ಬುಟ್ಟದೆ ಅಣ್ಣ. ಚೇಂಜ್ ಮಾಡ್ಬೇಕು. ಎಲ್ಲಾ ಸೇರಿ ಎರಡು ಸಾವ್ರ ಆಯ್ತದೆ."

ವ್ಯಾಪಾರಿ ಗಾಡಿ ಬಿಟ್ಟು, ಮೂಟೆ ಹೊತ್ತು ಬಸ್ಸು ಹತ್ತಿದ. ಹೂವು ಅರ್ಧ ಬೆಲೆಗೆ ಹೋಯಿತು. ಸಂಜೆ ಎರಡು ಸಾವಿರ ಎಣಿಸಿ ಗಾಡಿ ಬಿಡಿಸಿಕೊಂಡ. ಮೂರನೇ ದಿನ ಅದೇ ರಸ್ತೆ, ಅದೇ ಕೆಮ್ಮು!

ಈ ಸಲ ಗಾಡಿ ತಳ್ಳಿಕೊಂಡು ಹೋದದ್ದು ನಗರದ ಒಬ್ಬ ವಯಸ್ಸಾದ ಮೆಕ್ಯಾನಿಕ್ಕಿನ ಹತ್ತಿರ. "ಪಂಪು ಹಾಕ್ಸಿ ಮೂರು ದಿನ ಆಗಿಲ್ಲ ಭಾಯ್" ಎಂದು ಗೋಳು ತೋಡಿಕೊಂಡರೆ ಭಾಯ್ ನಕ್ಕುಬಿಟ್ಟರು. "ಎಲ್ಲಿ ಹಾಕ್ಸಿದ್ರಿ ಸ್ವಾಮಿ? ಈ ಗಾಡೀಲಿ ಪಂಪೇ ಇಲ್ವಲ್ಲ!"

ಹೊಸದಾಗಿ ಕೂತಿದ್ದುದು ಬರೀ ಪೆಟ್ರೋಲ್ ಕಾಕ್. ಖಾಯಿಲೆ ಇದ್ದುದು ಟ್ಯಾಂಕಿನ ಮುಚ್ಚಳದಲ್ಲಿ. ಅದರ ಗಾಳಿ ತೂತಿಗೆ ಮಣ್ಣು ಮೆತ್ತಿತ್ತು. ಭಾಯ್ ಗುಂಡುಸೂಜಿ ಹಾಕಿ ತೂತು ಬಿಡಿಸಿ, ಊದಿ ನೋಡಿ, ಐವತ್ತು ರೂಪಾಯಿ ಕೇಳಿದರು. ಆಗ ವ್ಯಾಪಾರಿಯ ಬಾಯಿಂದ ಬಂದ ಮಾತು: "ಸೂಜಿ ಚುಚ್ಚಿದ್ದಕ್ಕೆ ಐವತ್ತಾ?"

ಇಲ್ಲದ ಪಂಪಿಗೆ ಎರಡು ಸಾವಿರ ತುಟಿಪಿಟಕ್ಕೆನ್ನದೆ ಕೊಟ್ಟಾತ, ಇದ್ದ ಕಾಯಿಲೆ ವಾಸಿ ಮಾಡಿದವನ ಐವತ್ತಕ್ಕೆ ಚೌಕಾಸಿ! ರೋಗ ಗಾಡಿಗೋ, ಗಿರಾಕಿಗೋ?

ಇಳಿಜಾರಿನ ನ್ಯಾಯ

ಯೆಜ್ಡಿ ಎಂದರೆ ಮೈಸೂರಿನ ಮನೆಮಗಳು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಗೇರು ಹಾಕುವ ಕಡ್ಡಿಯನ್ನೇ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುವ ಆ ಗಾಡಿಯಲ್ಲಿ ಪಂಪು ಎಂಬ ವಸ್ತುವೇ ಇಲ್ಲ. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100ಕ್ಕೂ ಇಲ್ಲ. ಕಾರ್ಬುರೇಟರ್ ಇದ್ದ ಕಾಲದ ಬುಲೆಟ್ಟಿಗೂ ಇಲ್ಲ.

ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ. ಮನೆ ಮೇಲಿನ ನೀರಿನ ತೊಟ್ಟಿಯಿಂದ ನಲ್ಲಿಗೆ ನೀರು ಇಳಿಯುವ ಹಾಗೆ ಪೆಟ್ರೋಲು ತಾನೇ ಇಳಿಯುತ್ತದೆ. ಆದರೆ ಇಳಿದಷ್ಟು ಜಾಗಕ್ಕೆ ಮೇಲಿನಿಂದ ಗಾಳಿ ಹೋಗಬೇಕು. ಮುಚ್ಚಳದ ತೂತು ಕಟ್ಟಿದರೆ ಟ್ಯಾಂಕು ಪೆಟ್ರೋಲನ್ನು ಬಿಗಿಹಿಡಿಯುತ್ತದೆ. ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಮುಚ್ಚಳ ತೆರೆದರೆ 'ಉಸ್' ಎಂದು ಗಾಳಿ ನುಗ್ಗಿ ಮತ್ತೆ ಹೊರಡುತ್ತದೆ.

ಪರೀಕ್ಷೆಗೆ ದೊಡ್ಡ ವಿದ್ಯೆ ಬೇಕಿಲ್ಲ. ಎಂಜಿನ್ ತಣ್ಣಗಾಗಿರಬೇಕು. ಹತ್ತಿರ ಬೀಡಿ, ಬೆಂಕಿ ಸುಳಿಯಬಾರದು. ಕಾಕ್ ಮುಚ್ಚಿ, ಕಾರ್ಬುರೇಟರಿನ ಪೈಪು ಬಿಚ್ಚಿ, ಅದರ ತುದಿಗೆ ಬಾಟಲಿ ಹಿಡಿದು ಕಾಕ್ ತೆರೆಯಬೇಕು. ಪೆಟ್ರೋಲು ಒಂದೇ ಸಮ ಬರಬೇಕು. ಮೊದಲು ಬಂದು ಆಮೇಲೆ ನಿಂತು, ಮುಚ್ಚಳ ತೆರೆದ ಕೂಡಲೆ ಮತ್ತೆ ಬಂದರೆ ತಪ್ಪು ಮುಚ್ಚಳದ್ದು. ಮುಚ್ಚಳ ತೆರೆದರೂ ಬಾರದಿದ್ದರೆ ಕಾಕ್‌ನ ಜಾಲರಿಯಲ್ಲಿ ತುಕ್ಕು, ಇಲ್ಲವೆ ಒಳಗಿನ ರಬ್ಬರು ಊದಿದೆ. ಪೈಪಿನಲ್ಲಿ ಧಾರಾಳ ಬಂದೂ ಗಾಡಿ ಓಡದಿದ್ದರೆ ಆಗ ಕಾರ್ಬುರೇಟರಿನ ಫ್ಲೋಟು, ಸೂಜಿ, ಜೆಟ್ ನೋಡಬೇಕು. ಇಷ್ಟಕ್ಕೆ ಹತ್ತು ನಿಮಿಷ. ಆ ಹತ್ತು ನಿಮಿಷವನ್ನು ಯಾರೂ ಕೊಡುತ್ತಿಲ್ಲ.

ಪಂಪು ಇರುವುದೆಲ್ಲಿ?

ಹಾಗಂತ ಕಾರ್ಬುರೇಟರ್ ಗಾಡಿಗೆ ಪಂಪೇ ಇರುವುದಿಲ್ಲ ಎಂದೂ ಅಲ್ಲ. ಟ್ಯಾಂಕು ಕಾರ್ಬುರೇಟರಿಗಿಂತ ಕೆಳಗೆ ಇಳಿದ ಕಡೆ ಪಂಪು ಬೇಕೇ ಬೇಕು. 1975ರಲ್ಲಿ ಬಂದ ಹೋಂಡಾ ಗೋಲ್ಡ್ ವಿಂಗ್ ಎಂಬ ಭಾರೀ ಗಾಡಿಯದು ಅದೇ ಕಥೆ. ಬೇರೆ ಕೆಲವು ಗಾಡಿಗಳಲ್ಲಿ ಎಂಜಿನ್ನಿನ ಎಳೆತದಿಂದಲೇ ಆಡುವ ತೆಳು ರಬ್ಬರಿನ ಪರದೆಯ ಪಂಪು ಇರುತ್ತದೆ. ಎಳೆತದ ಪೈಪು ಬಿಚ್ಚಿದಾಗ ಅದರೊಳಗೆ ಪೆಟ್ರೋಲಿನ ತೇವ ಕಂಡರೆ ಪರದೆ ಹರಿದಿದೆ ಎಂದೇ ಅರ್ಥ. ಆಗ ಮಾತ್ರ ಪಂಪು ಬದಲಿಸುವುದು ನ್ಯಾಯ.

ಬದಲಿಸುವಾಗಲೂ ಕ್ರಮ ಉಂಟು. ಪೆಟ್ರೋಲು ಒಳಬರುವ ಪೈಪು ಯಾವುದು, ಹೊರಹೋಗುವುದು ಯಾವುದು ಎಂದು ಗುರುತು ಹಾಕಿಕೊಳ್ಳಬೇಕು. ಗಟ್ಟಿಯಾದ ಹಳೇ ಪೈಪು, ಸಡಿಲಾದ ಕ್ಲಿಪ್ಪು ಎಸೆಯಬೇಕು. ಫಿಲ್ಟರ್ ಹೊಸದಿರಬೇಕು. ಕರೆಂಟಿನ ಪಂಪಾದರೆ ಮೊದಲು ಬ್ಯಾಟರಿ ತಂತಿ ಬಿಚ್ಚಬೇಕು. ಎಲ್ಲಕ್ಕಿಂತ ಮುಖ್ಯ, ಆ ಗಾಡಿಗೆ ಹೇಳಿದ ಪಂಪನ್ನೇ ಹಾಕಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ಕಾನೂನು ಬಂದು ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಇಂಜೆಕ್ಷನ್ ಗಾಡಿಗಳಾದವು. ಅವುಗಳ ಪಂಪಿನ ಒತ್ತಡ ಬಲು ಜೋರು. ಅದನ್ನು ತಂದು ಕಾರ್ಬುರೇಟರಿಗೆ ಜೋಡಿಸಿದರೆ ಫ್ಲೋಟಿನ ಸೂಜಿ ತಡೆಯಲಾರದೆ ಪೆಟ್ರೋಲು ಹೊರಗೆ ಚೆಲ್ಲುತ್ತದೆ. ಕಾದ ಎಂಜಿನ್ ಮೇಲೆ ಪೆಟ್ರೋಲು ಚೆಲ್ಲಿದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗ್ಯಾರೇಜಿನ ಹುಡುಗರು ಇಂದು ಕೆಲಸ ಕಲಿಯುತ್ತಿರುವುದು ಇಂಜೆಕ್ಷನ್ ಗಾಡಿಗಳ ಮೇಲೆ. ಅಲ್ಲಿ ಪೆಟ್ರೋಲು ಬಾರದಿದ್ದರೆ ಪಂಪಿನ ಮೇಲೆ ಅನುಮಾನ ಬರುವುದು ಸಹಜ. ಅದೇ ಪಾಠವನ್ನು ಅಜ್ಜನ ಕಾಲದ ಗಾಡಿಗೂ ಒಪ್ಪಿಸಿದರೆ ಹೀಗಾಗುತ್ತದೆ. ಎಲ್ಲರೂ ಮೋಸಗಾರರಲ್ಲ, ಹಲವರಿಗೆ ಹೇಳಿಕೊಟ್ಟವರಿಲ್ಲ.

ಪೆಟ್ರೋಲೂ ಬದಲಾಯಿತು

ಇದರ ನಡುವೆ ಪೆಟ್ರೋಲಿನ ಹದವೇ ಬೇರೆಯಾಗಿದೆ. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿಗೆ ಶೇಕಡಾ 10 ಎಥನಾಲ್ ಬೆರೆತಿತ್ತು. ಶೇಕಡಾ 20ರ ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. 2025ರ ಹೊತ್ತಿಗೆ ಅದೇ ಎಲ್ಲೆಡೆಯ ಮಾಮೂಲಿ ಪೆಟ್ರೋಲಾಯಿತು. ಎಥನಾಲ್ ಕಬ್ಬಿನಿಂದಲೂ ಬರುತ್ತದೆ. ಮಂಡ್ಯ ಸೀಮೆಯ ಕಬ್ಬಿನ ರೈತನಿಗೆ ಅದರಿಂದ ನಾಲ್ಕು ಕಾಸು ಬಂದರೆ ಬೇಡ ಎನ್ನುವವರು ಯಾರು?

ಆದರೆ ಎಥನಾಲ್ ಹಳೇ ಜಾತಿಯ ರಬ್ಬರನ್ನು ಊದಿಸಿ ಕೆಡಿಸುತ್ತದೆ. ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕಿಗೆ ಅದೇ ದಾರಿ. ಹಳೇ ದ್ವಿಚಕ್ರ ವಾಹನಗಳ ಮೈಲೇಜು ಶೇಕಡಾ 3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಕೆಲವು ಹಳೇ ವಾಹನಗಳಿಗೆ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲ ರಬ್ಬರ್ ಭಾಗ ಬದಲಿಸಬೇಕಾಗಬಹುದು, ಖರ್ಚು ಹೆಚ್ಚಿಲ್ಲ ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟು ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಲ್ಲಿಗೆ ಆ ಬಾಗಿಲು ಮುಚ್ಚಿದ ಹಾಗೆ.

ಖರ್ಚು ಹೆಚ್ಚಿಲ್ಲ, ಸರಿ. ವಾಷರಿಗೆ ಹೆಚ್ಚಿಲ್ಲ. ಆದರೆ ಎಥನಾಲ್ ತಡೆಯುವ ವಾಷರ್ ಯಾವುದು, ತಡೆಯದ್ದು ಯಾವುದು ಎಂದು ಅಂಗಡಿಯಲ್ಲಿ ಹೇಳುವವರು ಯಾರು? ಕಪ್ಪಗಿರುವುದೆಲ್ಲ ರಬ್ಬರೇ! ವಾಷರ್ ಒಂದು ಸಿಕ್ಕದೆ ಕಾಕ್, ಕಾಕ್ ಸಿಕ್ಕದೆ ಕಾರ್ಬುರೇಟರ್, ಕೊನೆಗೆ ಇಲ್ಲದ ಪಂಪು. ಹೀಗೆ ಬಿಲ್ಲು ಬೆಳೆಯುತ್ತದೆ.

ಕೂಲಿಗೆ ಬೆಲೆ ಇಲ್ಲ

ಇನ್ನು ಗ್ಯಾರೇಜಿನವರ ಅಳಲನ್ನೂ ಕೇಳಬೇಕು. ಅರ್ಧ ಗಂಟೆ ಕೂತು ಜಾಲರಿ ತೊಳೆದು, ಜೆಟ್ ಊದಿ ಗಾಡಿ ಓಡಿಸಿಕೊಟ್ಟರೆ ಗಿರಾಕಿ ಇಪ್ಪತ್ತು ರೂಪಾಯಿ ಟೀ ಕಾಸು ಕೊಟ್ಟು ಹೋಗುತ್ತಾನೆ. ಅದೇ ಒಂದು ಪಾರ್ಟಿನ ಡಬ್ಬಿ ಬಿಚ್ಚಿ ತೋರಿಸಿದರೆ ಕೇಳಿದಷ್ಟು ಕೊಡುತ್ತಾನೆ. ಮಳಿಗೆ ಬಾಡಿಗೆ, ಕರೆಂಟು ಬಿಲ್ಲು ಟೀ ಕಾಸಿನಲ್ಲಿ ತೀರುವುದಿಲ್ಲ. ರಿಪೇರಿ ಮಾಡಿದವ ಹಸಿದ, ಪಾರ್ಟ್ ಹಾಕಿದವ ಉಂಡ ಎಂಬಂತಾದರೆ ರಿಪೇರಿ ಕಲಿಯುವ ಹುಡುಗ ಎಲ್ಲಿಂದ ಬರಬೇಕು? ಭಾಯ್‌ಯಂಥವರು ಅಂಗಡಿ ಮುಚ್ಚಿದ ದಿನ ಈ ಊರಿನ ಹಳೇ ಗಾಡಿಗಳಿಗೆ ಗುಜರಿಯೇ ಗತಿ. ಹೊಸ ಗಾಡಿಯ ಕಂತು ಕಟ್ಟಲಾರದ ಹೂವಿನವ, ಸೊಪ್ಪಿನವ, ಹಾಲಿನವ ಬಸ್ಸಿನ ಫುಟ್‌ಬೋರ್ಡಿನಲ್ಲಿ ಮೂಟೆ ಹಿಡಿದು ನೇತಾಡಬೇಕು.

ಆದ್ದರಿಂದ ಮೊದಲ ಕೆಲಸ ಗಿರಾಕಿಯದು. ಏನು ಕೆಟ್ಟಿದೆ ಎಂದು ಹುಡುಕಿಕೊಟ್ಟದ್ದಕ್ಕೆ ಕೂಲಿ ಕೊಡುವುದನ್ನು ಕಲಿಯಲಿ. ಪಾರ್ಟ್ ಬದಲಿಸಿದರೆ ತೆಗೆದ ಹಳೇ ಪಾರ್ಟನ್ನು ಕೈಗೆ ಇಸಕೊಳ್ಳಲಿ. ಆ ವ್ಯಾಪಾರಿ ಅಂದು "ಹಳೇ ಪಂಪು ಕೊಡಪ್ಪ" ಎಂದು ಕೇಳಿದ್ದರೆ ಸಾಕಿತ್ತು. ಗುಟ್ಟು ಅಲ್ಲೇ ಬಯಲಾಗುತ್ತಿತ್ತು. ಬಿಲ್ಲನ್ನೂ ಕೇಳಲಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ.

ಎರಡನೆಯದು ಬಿಡಿಭಾಗದ ಅಂಗಡಿಗಳದು. ಹಳೇ ಗಾಡಿಗಳ ಕಾಕ್ ವಾಷರ್, ಪೈಪು, ಸೂಜಿಗಳನ್ನು ಎಥನಾಲ್ ತಡೆಯುವ ಮಾಲಿನಲ್ಲೇ ತರಿಸಿ, ಹಾಗೆಂದು ಚೀಟಿ ಅಂಟಿಸಿ ಮಾರಲಿ. ಲಾಭ ಸಣ್ಣದಿರಬಹುದು, ಗಿರಾಕಿ ಕಾಯಂ. ಮೂರನೆಯದು ಸರಕಾರದ್ದು. ಪೆಟ್ರೋಲು ಬದಲಿಸಿದವರು ಗ್ಯಾರೇಜಿನ ಹುಡುಗರಿಗೆ ಐಟಿಐಗಳಲ್ಲಿ ಭಾನುವಾರ ಭಾನುವಾರ ಒಂದೊಂದು ಪಾಠ ಏರ್ಪಡಿಸಿದರೆ ಖಜಾನೆ ಬರಿದಾಗುವುದಿಲ್ಲ.

ಹೂವಿನ ವ್ಯಾಪಾರಿ ಕೊನೆಗೆ ಭಾಯ್‌ಗೆ ಕೊಟ್ಟದ್ದು ನಲವತ್ತು. ಗಾಡಿ ಅಂದಿನಿಂದ ಕಡಕೊಳದಲ್ಲಿ ನಿಂತಿಲ್ಲ. ಉಳಿದ ಹತ್ತು ರೂಪಾಯಿಯನ್ನು ಆತ ಇನ್ನಾದರೂ ಕೊಟ್ಟಾನೇ?