ಪರಿಹಾರ ಸಿಕ್ಕಿತು, ಕೈ ಮರಳಲಿಲ್ಲ

ತೊಂಬತ್ತರ ದಶಕದಲ್ಲಿ ಕಾರ್ಮಿಕರ ಪರಿಹಾರ ಅರ್ಜಿಗಳ ವಿಚಾರಣೆಯ ಹೊಣೆ ಕೆಲಕಾಲ ನನ್ನ ಮೇಲಿತ್ತು. 1923ರ ಕಾಯ್ದೆಯ ಅನುಸೂಚಿ ಸದಾ ನನ್ನ ಮೇಜಿನ ಮೇಲೆ ತೆರೆದಿರುತ್ತಿತ್ತು. ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 30ರಷ್ಟು ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ 14. ವಯಸ್ಸು, ವೇತನಗಳನ್ನು ಸೇರಿಸಿ ಗುಣಿಸಿದರೆ ಮೊತ್ತ ಸಿದ್ಧ.

ಒಮ್ಮೆ ಪವರ್ ಪ್ರೆಸ್‌ನಲ್ಲಿ ಕೈ ಜಜ್ಜಿಸಿಕೊಂಡ ಯುವಕನೊಬ್ಬ ನನ್ನ ಮುಂದೆ ನಿಂತಿದ್ದ. ಬೆರಳುಗಳೆಲ್ಲ ಉಳಿದಿದ್ದವು. ಶಸ್ತ್ರಚಿಕಿತ್ಸೆಯೂ ಚೆನ್ನಾಗಿಯೇ ಆಗಿತ್ತು. ಆದರೆ ಆತ ತಿಂಗಳುಗಟ್ಟಲೆ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಇದ್ದ. ಮುಷ್ಟಿ ಬಿಗಿಯಲು ಆಗುತ್ತಿರಲಿಲ್ಲ. ಆದೇಶ ಕೇಳಿದ ಮೇಲೆ ಅವನು ಒಂದೇ ಮಾತು ಕೇಳಿದ: ‘ದುಡ್ಡು ಬರುತ್ತೆ ಸಾರ್, ಕೈ ಮಡಚೋದು ಯಾವಾಗ?’ ಅದಕ್ಕೆ ಉತ್ತರ ಅನುಸೂಚಿಯಲ್ಲಿರಲಿಲ್ಲ.

ಹೊಲಿಗೆ ಹಾಕಿದ ಸ್ನಾಯುರಜ್ಜು ಅಲುಗಾಡದೆ ಉಳಿದರೆ ಸುತ್ತಲಿನ ಗಾಯದ ಕಲೆಗೆ ಅಂಟಿಕೊಳ್ಳುತ್ತದೆ, ಕೀಲುಗಳು ಬಿಗಿಯುತ್ತವೆ. ಅತಿಯಾಗಿ ಅಲುಗಿಸಿದರೆ ಹೊಲಿಗೆಯೇ ಕಿತ್ತುಹೋದೀತು. ಯಾವ ವಾರ ಎಷ್ಟು ಚಲನೆ ಎಂಬುದನ್ನು ಶಸ್ತ್ರಚಿಕಿತ್ಸಕರೊಂದಿಗೆ ನಿರ್ಧರಿಸಿ, ಮುನ್ನಡೆಸುವವರು ಫಿಸಿಯೊಥೆರಪಿಸ್ಟರು. ಗುಂಡಿ ಹಾಕುವುದರಿಂದ ಹಿಡಿದು ಸ್ಪ್ಯಾನರ್ ತಿರುಗಿಸುವವರೆಗೆ ಕೈಗೆ ಅದರ ಕೆಲಸವನ್ನು ಮತ್ತೆ ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟರು. ಆ ಯುವಕನಿಗೆ ಇವರಿಬ್ಬರಲ್ಲಿ ಒಬ್ಬರೂ ಸಿಕ್ಕಿರಲಿಲ್ಲ.

ಇದನ್ನು ಕರುಣೆಯ ಮಾತೆಂದು ಬದಿಗಿಡುವವರು ಲೆಕ್ಕವನ್ನಾದರೂ ನೋಡಬೇಕು. ಕೆಲಸದಲ್ಲಿ ಗಾಯಗೊಂಡು ತಾತ್ಕಾಲಿಕವಾಗಿ ಅಶಕ್ತನಾದ ವಿಮಾದಾರನಿಗೆ ಇಎಸ್‌ಐ ವ್ಯವಸ್ಥೆ ವೇತನದ ಸುಮಾರು ಶೇ 90ರಷ್ಟು ಭರಿಸುತ್ತದೆ. ಅವನು ಒಂದು ವಾರ ಮೊದಲೇ ಕೆಲಸಕ್ಕೆ ಮರಳಿದರೆ ನಿಧಿಗೆ ಉಳಿತಾಯ, ಮಾಲೀಕನಿಗೆ ನುರಿತ ಕೈ, ಕುಟುಂಬಕ್ಕೆ ಪೂರ್ಣ ಸಂಬಳ. ಥೆರಪಿಸ್ಟರ ಸಂಬಳವನ್ನು ಖರ್ಚಿನ ಕಲಮಿಗೆ ಬರೆದು, ಈ ಗಳಿಕೆಯನ್ನು ಎಲ್ಲಿಯೂ ಬರೆಯದಿರುವುದೇ ನಮ್ಮ ಲೆಕ್ಕಪತ್ರದ ದೋಷ.

ಗಾಯವಾಗುವ ಮೊದಲೂ ಇವರಿಗೆ ಕೆಲಸವಿದೆ. ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಮಹಿಳೆಯರು ದಿನವಿಡೀ ಕತ್ತು ಬಗ್ಗಿಸಿ ಹೊಲಿಯುತ್ತಾರೆ. ಅವರ ಕತ್ತು, ಭುಜ, ಸೊಂಟದ ನೋವು ಒಂದೇ ದಿನದ ಅಪಘಾತವಲ್ಲ. ಆದ್ದರಿಂದ ಅದು ಯಾವ ದಾಖಲೆಗೂ ಸುಲಭವಾಗಿ ಸೇರುವುದಿಲ್ಲ. ಕುರ್ಚಿಗೆ ಒರಗು, ಮೇಜಿನ ಎತ್ತರ, ಪೆಡಲಿನ ದೂರ, ನಡುನಡುವೆ ಕೆಲವು ನಿಮಿಷದ ಬಿಡುವು – ಇವನ್ನು ಗಮನಿಸಿ ತಿದ್ದಲು ತರಬೇತಾದ ಕಣ್ಣು ಬೇಕು. ಮಾತ್ರೆ ಕೊಟ್ಟು ಅದೇ ಕುರ್ಚಿಗೆ ಕಳುಹಿಸುವುದು ಚಿಕಿತ್ಸೆಯಲ್ಲ.

ಈಗ ಅವಕಾಶವೊಂದು ಒದಗಿದೆ. 2021ರ ಕಾಯ್ದೆ ಈ ವೃತ್ತಿಗಳಿಗೆ ರಾಷ್ಟ್ರಮಟ್ಟದ ಶಾಸನಬದ್ಧ ಮಾನ್ಯತೆ ನೀಡಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯ ಅವಕಾಶವಿದೆ. ಆ ತಪಾಸಣೆ ರಕ್ತದೊತ್ತಡ ಬರೆದುಕೊಳ್ಳುವಲ್ಲಿಗೆ ಮುಗಿಯದೆ, ಥೆರಪಿಸ್ಟರೊಬ್ಬರು ಕೆಲಸದ ಜಾಗವನ್ನೂ ನೋಡುವಂತಾಗಲಿ. ಕೈಗೆ ಪೆಟ್ಟಾದ ಪ್ರತಿ ಕಾರ್ಮಿಕನಿಗೂ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಮುಂದಿನ ಥೆರಪಿಯ ದಿನಾಂಕ ಬರೆದುಕೊಡುವುದು ಕಡ್ಡಾಯವಾಗಲಿ.

ಅಂದು ನಾನು ಬರೆದ ಆದೇಶದಲ್ಲಿ ಕಾನೂನಿನ ದೋಷವಿರಲಿಲ್ಲ. ಆದರೂ ನಿವೃತ್ತಿಯ ನಂತರ ನನಗೆ ನೆನಪಾಗುವುದು ಆದೇಶದ ಮೊತ್ತವಲ್ಲ, ಸಹಿ ಹಾಕಲು ಪೆನ್ನು ಹಿಡಿಯಲಾಗದೆ ಆತ ಎಡಗೈ ಹೆಬ್ಬೆಟ್ಟು ಒತ್ತಿದ್ದು.