ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಎರಡರಲ್ಲಿ ಒಂದು?



ತೈವಾನ್ ದೇಶದ ತೈಪೆಯಲ್ಲಿ ತೈಪೆ ಯುರೋಪಿಯನ್ ಸ್ಕೂಲ್ ಅಂತ ಒಂದು ಶಾಲೆ ಇದೆ. ಒಂದೇ ಸಂಸ್ಥೆ, ಒಳಗೆ ಬ್ರಿಟಿಷ್, ಫ್ರೆಂಚ್, ಜರ್ಮನ್ ಅಂತ ಬೇರೆಬೇರೆ ವಿಭಾಗ. ಕೆಲಸಕ್ಕೆ ಅಂತ ಅಲ್ಲಿಗೆ ಹೋದ ಜರ್ಮನಿಯವರ ಮಗು ಅಷ್ಟು ದೂರದಲ್ಲೂ ತನ್ನ ದೇಶದ ಪಾಠವನ್ನೇ ಓದಬಹುದು, ಜೊತೆಗೆ ಇಂಗ್ಲಿಷೂ ಕಲಿಯುತ್ತೆ.

ಇದಕ್ಕಿಂತ ಹಳೆಯದು ಲಕ್ಸೆಂಬರ್ಗ್‌ನ ಯುರೋಪಿಯನ್ ಶಾಲೆ. 1953ರಲ್ಲಿ ಆರು ದೇಶಗಳ ಒಕ್ಕೂಟದ ನೌಕರರು ತಮ್ಮ ಮಕ್ಕಳಿಗಾಗಿ ಕಟ್ಟಿದ್ದು. ಅಲ್ಲಿ ಮಗು ತಾಯ್ನುಡಿಯಲ್ಲೇ ಓದು ಶುರು ಮಾಡುತ್ತೆ. ಎರಡನೇ ಭಾಷೆ ಒಂದನೇ ಕ್ಲಾಸಿಂದಲೇ ಇರುತ್ತೆ. ಮುಂದೆ ಹೈಸ್ಕೂಲ್ ಹಂತದಲ್ಲಿ ಚರಿತ್ರೆ, ಭೂಗೋಳವನ್ನು ಆ ಎರಡನೇ ಭಾಷೆಯಲ್ಲೇ ಓದ್ತಾರೆ. 'ನಿನಗೆ ತಾಯ್ನುಡಿ ಬೇಕೋ, ಲೋಕದ ಭಾಷೆ ಬೇಕೋ' ಅಂತ ಆ ಮಕ್ಕಳನ್ನ ಯಾರೂ ಕೇಳಲ್ಲ. ಎರಡೂ ಕೊಡ್ತಾರೆ.

ಅಲ್ಲೇನೂ ಸಮಾನತೆ ತುಂಬಿ ತುಳುಕ್ತಿಲ್ಲ. ಯುರೋಪಿಯನ್ ಒಕ್ಕೂಟದ ನೌಕರರ ಮಕ್ಕಳು ಮೊದಲ ವರ್ಗ, ಅವರಿಗೆ ಫೀಸಿಲ್ಲ. ಹೊರಗಿನವರು ಮೂರನೇ ವರ್ಗ, ಜಾಗ ಉಳಿದರೆ ದುಡ್ಡು ಕಟ್ಟಿ ಸೇರಬೇಕು. ಈ ಮೆಟ್ಟಿಲು ನಮಗೆ ಹೊಸದಲ್ಲ ಬಿಡಿ. ಆದರೆ ಎರಡು ಭಾಷೆ ಮಗುವಿಗೆ ಭಾರ ಅನ್ನೋ ಮಾತು ಸುಳ್ಳು ಅಂತ ಆ ಶಾಲೆಗಳು ಎಪ್ಪತ್ತು ವರ್ಷದಿಂದ ತೋರಿಸ್ತಾ ಬಂದಿವೆ.

ಈಗ ನಮ್ಮ ಕಡೆ ನೋಡಿ. 2019ರಲ್ಲಿ ಕರ್ನಾಟಕ ಸರ್ಕಾರ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡ್ತೀವಿ ಅಂದಾಗ ದೊಡ್ಡ ದೊಡ್ಡ ಸಾಹಿತಿಗಳು ಕನ್ನಡ ಸತ್ತೇ ಹೋಯ್ತು ಅಂದರು. ಅದೇ ವರ್ಷ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆರ್‌ಟಿಇ ಅಡಿ ಖಾಸಗಿ ಶಾಲೆಯ 25% ಸೀಟು ಸಿಗಲ್ಲ ಅಂತ ನಿಯಮವನ್ನೂ ತಿದ್ದಿದರು. ಅದಕ್ಕೆ ಅಷ್ಟು ಗದ್ದಲ ಕೇಳಿಸಲಿಲ್ಲ. ದುಡ್ಡಿದ್ದವರ ಮಕ್ಕಳು ಇಂಟರ್‌ನ್ಯಾಷನಲ್ ಸ್ಕೂಲಿಗೆ. ಕನ್ನಡ ಉಳಿಸೋ ಹೊಣೆ ಮಾತ್ರ ತೋಟದ ಲೈನ್ ಮನೆ ಮಕ್ಕಳ ತಲೆ ಮೇಲೆ!

ನಮ್ಮ ಭಂಡಿಗಡಿ ಇರೋ ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದವರು ಕುವೆಂಪು. ಅವರ ಮೊದಲ ಪುಸ್ತಕ ಇಂಗ್ಲಿಷ್ ಕವನಗಳದ್ದು, 1922ರಲ್ಲಿ ಬಂತು. ಆಮೇಲೆ ಕನ್ನಡ ಆರಿಸಿಕೊಂಡರು. ಇಂಗ್ಲಿಷ್ ಕೈಯಲ್ಲಿಟ್ಟುಕೊಂಡು ಕನ್ನಡ ಆರಿಸೋದು ಬೇರೆ, ಇಂಗ್ಲಿಷ್ ಸಿಗದೇ ಕನ್ನಡದಲ್ಲಿ ಉಳಿಯೋದು ಬೇರೆ. ಮೊದಲನೆಯದು ಪ್ರೀತಿ. ಎರಡನೆಯದನ್ನೂ ಪ್ರೀತಿ ಅಂತ ಕರೆದು ನಮ್ಮ ಮೇಲೆ ಹೇರಬೇಡಿ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗೋಕೆ ಆಗಿದ್ದು, ಮರಾಠಿ ಜೊತೆ ಇಂಗ್ಲಿಷೂ ಅವರ ಕೈಲಿ ಇದ್ದಿದ್ದಕ್ಕೆ.

ನಾವು ಕೇಳ್ತಿರೋದು ಇಷ್ಟೇ. ಮಲೆನಾಡಿನ ಪ್ರತಿ ಸರ್ಕಾರಿ ಶಾಲೆಯಲ್ಲೂ ಒಂದನೇ ಕ್ಲಾಸಿಂದ ಕನ್ನಡವೂ ಗಟ್ಟಿಯಾಗಿ, ಇಂಗ್ಲಿಷೂ ಗಟ್ಟಿಯಾಗಿ ಕಲಿಸಿ. ಗೇಟಿಗೆ ಇಂಗ್ಲಿಷ್ ಮಾಧ್ಯಮ ಅಂತ ಬೋರ್ಡು ಹಾಕಿದರೆ ಸಾಲದು, ಇಂಗ್ಲಿಷ್ ಬರೋ, ತರಬೇತಿ ಆಗಿರೋ ಮೇಷ್ಟ್ರನ್ನ ಕೊಡಿ. ಮನೆಯಲ್ಲಿ ತುಳು, ತಮಿಳು ಆಡೋ ಕೂಲಿ ಮಕ್ಕಳ ನುಡಿಗೂ ಕ್ಲಾಸಲ್ಲಿ ಜಾಗ ಇರಲಿ.

ಅಲ್ಲಿ ಆಫೀಸರ ಮಕ್ಕಳಿಗೆ ಆಗಿದ್ದು ಇಲ್ಲಿ ಕೂಲಿಯವರ ಮಕ್ಕಳಿಗೆ ಯಾಕೆ ಆಗಲ್ಲ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಜೈ ಭೀಮ್.